ಆನ್‌ಲೈನ್ ಸಭೆಗೆ ಅತಿಥಿಗಳನ್ನು ಕರೆಯುವ ಕೆಲಸ: ನನ್ನ ಅನುಭವ

ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕಿನ ರೋಟರಿ ಕ್ಲಬ್. ಸಭೆಗೆ ಯಾರನ್ನು ಅತಿಥಿಯಾಗಿ ಕರೆಯಬೇಕು ಅಂತ ನೋಡಿಕೊಳ್ಳುವ ಕೆಲಸ ನನ್ನದು. 2020ರ ಲಾಕ್‌ಡೌನ್‌ನಲ್ಲಿ ಎಲ್ಲರ ಹಾಗೆ ನಾವೂ ಜೂಮ್ ಹಿಡಿದೆವು. ಆಮೇಲೂ ಬಿಡಲಿಲ್ಲ. ಈಗಲೂ ತಿಂಗಳಿಗೆ ಒಂದು ಸಭೆ ಆನ್‌ಲೈನ್‌ನಲ್ಲೇ, ಶನಿವಾರ ರಾತ್ರಿ ಎಂಟಕ್ಕೆ. 2016ರಲ್ಲಿ ರೋಟರಿ ತನ್ನ ನಿಯಮ ಸಡಿಲ ಮಾಡಿದ ಮೇಲೆ ತಿಂಗಳಿಗೆ ಎರಡು ಸಭೆ ಮಾಡಿದರೂ ಸಾಕು, ಆನ್‌ಲೈನ್‌ನಲ್ಲಿ ಮಾಡಿದರೂ ನಡೆಯುತ್ತದೆ.

ಬಿಡದೇ ಇರಲು ಕಾರಣ ಇದೆ. ಬೆಂಗಳೂರಿನಿಂದ ಒಬ್ಬರನ್ನು ನಮ್ಮೂರಿಗೆ ಕರೆಸಬೇಕಾದರೆ ರಾತ್ರಿ ಬಸ್ಸು, ಉಳಿಯಲು ರೂಮು, ಮತ್ತೆ ರಾತ್ರಿ ಬಸ್ಸು. ಮುಕ್ಕಾಲು ಗಂಟೆ ಮಾತಿಗೆ ಅಷ್ಟು ತೊಂದರೆ ಕೊಡಲು ಮನಸ್ಸು ಬರುವುದಿಲ್ಲ, ಹಾಗಾಗಿ ಹತ್ತಿರ ಇರುವವರನ್ನೇ ತಿರುಗಿಸಿ ತಿರುಗಿಸಿ ಕರೆಯುವುದು ಆಗುತ್ತಿತ್ತು. ಇನ್ನೊಂದು, ತೋಟದ ಮನೆಗಳಲ್ಲಿರುವ ಸದಸ್ಯರು ಮಳೆಗಾಲದ ರಾತ್ರಿ ಪೇಟೆಗೆ ಬಂದು ಹೋಗುವುದು ಕಷ್ಟ. ಮನೆಯಿಂದಲೇ ಸೇರಬಹುದು ಅಂದಾಗ ಅವರ ಜೊತೆ ಮನೆಯವರೂ ಕೂತು ಕೇಳುತ್ತಾರೆ. ಎಷ್ಟೋ ಸಲ ಒಳ್ಳೆಯ ಪ್ರಶ್ನೆ ಬರುವುದು ಅವರಿಂದಲೇ.

ನಾನು ಪಾಲಿಸುವ ಮುಖ್ಯ ವಿಷಯ ಒಂದೇ: ಅತಿಥಿಗೆ ವಿಷಯ ಕೊಡುವುದಿಲ್ಲ, ನಮ್ಮ ಪ್ರಶ್ನೆಗಳನ್ನು ಕೊಡುತ್ತೇನೆ. ಸಭೆಗೆ ಒಂದು ವಾರ ಮೊದಲು ಕ್ಲಬ್‌ನ ವಾಟ್ಸಾಪ್ ಗುಂಪಿನಲ್ಲಿ ‘ಇವರು ಬರುತ್ತಾರೆ, ನಿಮಗೆ ಏನು ಕೇಳಬೇಕು?’ ಅಂತ ಹಾಕುತ್ತೇನೆ. ಬಂದದ್ದನ್ನೆಲ್ಲ ಹಾಗೇ ಅತಿಥಿಗೆ ಕಳಿಸುತ್ತೇನೆ. ಅಡಿಕೆ ಎಲೆಚುಕ್ಕಿ ರೋಗದ ಬಗ್ಗೆ ಒಬ್ಬ ವಿಜ್ಞಾನಿಯನ್ನು ಕರೆದಾಗ ಹೆಚ್ಚಿನವರು ಕೇಳಿದ್ದು ಒಂದೇ, ಕತ್ತರಿಸಿದ ಸೋಗೆ ಏನು ಮಾಡಬೇಕು ಅಂತ. ಅವರು ಹಗಲಲ್ಲೇ ಒಂದು ತೋಟಕ್ಕೆ ಹೋಗಿ ಫೋನ್‌ನಲ್ಲಿ ವಿಡಿಯೊ ಮಾಡಿಕೊಂಡು ಬಂದರು. ಚುಕ್ಕೆ ಹೇಗೆ ಶುರುವಾಗುತ್ತದೆ, ಯಾವ ಸೋಗೆ ತೆಗೆಯಬೇಕು, ತೆಗೆದದ್ದನ್ನು ತೋಟದಲ್ಲೇ ಬಿಟ್ಟರೆ ರೋಗ ಹೇಗೆ ಮತ್ತೆ ಹರಡುತ್ತದೆ, ಎಲ್ಲ ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದರು. ಸಭಾಂಗಣದಲ್ಲಿ ಮೈಕ್ ಹಿಡಿದು ನಿಂತಿದ್ದರೆ ಇಷ್ಟು ಆಗುತ್ತಿರಲಿಲ್ಲ.

ಪರಿಚಯ ಚಿಕ್ಕದಾಗಿರಲಿ. ಎರಡು ಪುಟದ ಬಯೋಡೇಟಾ ಓದುವುದು ವೇದಿಕೆಯಲ್ಲೇ ಜಾಸ್ತಿ, ಪರದೆಯಲ್ಲಂತೂ ಬೇಡವೇ ಬೇಡ. ಇಪ್ಪತ್ತು ನಿಮಿಷ ಮಾತು, ಅಷ್ಟೇ ಹೊತ್ತು ಪ್ರಶ್ನೆ. ಜೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ನಿಂತುಬಿಡುತ್ತದೆ, ಅತಿಥಿ ಮಾತಾಡುವಾಗ ಹಾಗಾಗಬಾರದು ಅಂತ ಕ್ಲಬ್ ದುಡ್ಡು ಕಟ್ಟಿ ಖಾತೆ ತೆಗೆದುಕೊಂಡಿದೆ. ಹಿಂದಿನ ದಿನ ಅತಿಥಿ ಎಲ್ಲಿ ಕೂತು ಮಾತಾಡುತ್ತಾರೋ ಅದೇ ಜಾಗದಿಂದ ಒಂದು ಸಲ ಕಾಲ್ ಮಾಡಿ ನೋಡುತ್ತೇನೆ. ನಮ್ಮ ಕಡೆ ಕರೆಂಟ್ ನಂಬುವ ಹಾಗಿಲ್ಲ ಅಲ್ವಾ, ಅದಕ್ಕೆ ಬೇರೆ ಊರಿನಲ್ಲಿರುವ ಒಬ್ಬ ಸದಸ್ಯರನ್ನು ಕೋ-ಹೋಸ್ಟ್, ಅಂದರೆ ನನ್ನ ಜೊತೆ ಸಭೆ ನಡೆಸುವವರು, ಮಾಡಿರುತ್ತೇನೆ. ನನ್ನ ಮನೆಯಲ್ಲಿ ಕರೆಂಟ್ ಹೋದರೂ ಸಭೆ ನಿಲ್ಲುವುದಿಲ್ಲ.

ಅಮೆರಿಕದಲ್ಲಿರುವ ನಮ್ಮೂರಿನವರನ್ನು ಕರೆಯುವಾಗ ಗಡಿಯಾರ ನೋಡಿಕೊಳ್ಳಿ. ನಮ್ಮ ರಾತ್ರಿ ಎಂಟು ಅಂದರೆ ನ್ಯೂಜೆರ್ಸಿಯಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತೂವರೆ, ನವೆಂಬರ್ ಮೊದಲ ಭಾನುವಾರದಿಂದ ಒಂಬತ್ತೂವರೆ. ನಾವು ಶನಿವಾರ ಇಟ್ಟುಕೊಂಡದ್ದೂ ಇದಕ್ಕೇ, ಅವತ್ತು ಅವರಿಗೆ ರಜೆ.

ಶಾಲು, ಹಾರ, ನೆನಪಿನ ಕಾಣಿಕೆ ಕೊಡಲು ಆಗುವುದಿಲ್ಲ. ಆ ದುಡ್ಡಿನಲ್ಲಿ ಅತಿಥಿಯ ಹೆಸರಲ್ಲಿ ಸರ್ಕಾರಿ ಶಾಲೆಗೆ ಪುಸ್ತಕ ಕೊಡುತ್ತೇವೆ.

ಮುಂದೆ ಬರುವವರ ಬಗ್ಗೆ ಹೇಳುತ್ತೇನೆ. ಅಕ್ಟೋಬರ್ 24 ವಿಶ್ವ ಪೋಲಿಯೊ ದಿನ. ಆ ವಾರ ನಿವೃತ್ತ ನರ್ಸ್ ಒಬ್ಬರು ಬರುತ್ತಾರೆ. ರೋಟರಿ ಜಗತ್ತಿನಾದ್ಯಂತ ಪೋಲಿಯೊ ಕೆಲಸಕ್ಕೆ ಕೈ ಹಾಕಿದ್ದು 1985ರಲ್ಲಿ, ದೇಶದಲ್ಲಿ ಸಹಜವಾಗಿ ಹರಡುವ (ವೈಲ್ಡ್) ಪೋಲಿಯೊ ವೈರಸ್‌ನ ಕೊನೆಯ ಪ್ರಕರಣ ಹೌರಾದಲ್ಲಿ ಸಿಕ್ಕಿದ್ದು 2011ರ ಜನವರಿಯಲ್ಲಿ. ಇದೆಲ್ಲ ನಮ್ಮ ಹೊಸ ಸದಸ್ಯರಿಗೆ ಓದಿ ಗೊತ್ತಿದೆ. ಲಸಿಕೆ ಡಬ್ಬ ಹೊತ್ತು ಮನೆಮನೆಗೆ ನಡೆದವರ ಬಾಯಿಂದ ಕೇಳಬೇಕು ಅನ್ನುವುದು ನನ್ನ ಆಸೆ.

ನವೆಂಬರ್‌ನಲ್ಲಿ ಮಂಗನ ಕಾಯಿಲೆ. ರೋಟರಿ ತಿಂಗಳಿಗೊಂದು ವಿಷಯ ಇಟ್ಟಿದೆ, ಅದರ ಪ್ರಕಾರ ರೋಗ ತಡೆಯ ತಿಂಗಳು ಡಿಸೆಂಬರ್, ಆದರೆ ಈ ಕಾಯಿಲೆ ಹರಡುವ ಉಣುಗುಗಳ ಕಾಟ ಜೋರಾಗುವುದೇ ಡಿಸೆಂಬರ್‌ನಿಂದ, ಆಮೇಲೆ ಮಾತಾಡಿ ಏನು ಪ್ರಯೋಜನ? 1957ರಲ್ಲಿ ಈ ಕಾಯಿಲೆ ಗೊತ್ತಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಒಬ್ಬ ವೈದ್ಯರ ಜೊತೆ ಕಾಡಂಚಿನ ಊರಿನ ಆಶಾ ಕಾರ್ಯಕರ್ತೆಯೊಬ್ಬರನ್ನೂ ಕೇಳಿದ್ದೇನೆ. ‘ನಂಗೆ ಭಾಷಣ ಬರಲ್ಲ ಸಾರ್’ ಅಂದರು. ‘ಭಾಷಣ ಬೇಡ ಅಕ್ಕ, ಕಾಡಿಗೆ ಹೋಗೋರಿಗೆ ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಕೊಳ್ಳೋಕೆ ಹೇಗೆ ಒಪ್ಪಿಸ್ತೀರಿ, ಅದನ್ನ ಹೇಳಿ ಸಾಕು’ ಅಂದೆ. ಒಪ್ಪಿದ್ದಾರೆ. ಅವರ ಮನೆ ಹತ್ತಿರ ಸಿಗ್ನಲ್ ಸಿಗುವುದಿಲ್ಲ, ಅವತ್ತು ನಮ್ಮ ಸದಸ್ಯರೊಬ್ಬರ ಮನೆಗೆ ಬಂದು ಮಾತಾಡುತ್ತಾರೆ.

ಜನವರಿ ವೃತ್ತಿ ಸೇವೆಯ ತಿಂಗಳು. ಅದಕ್ಕೆ ನಮ್ಮ ಭಾಗದ ಲೈನ್‌ಮನ್ ಒಬ್ಬರನ್ನು ಕೇಳುತ್ತಿದ್ದೇನೆ, ಅವರಿಗೆ ಯಾವ ಶನಿವಾರ ರಾತ್ರಿ ಡ್ಯೂಟಿ ಇಲ್ಲ ಅಂತ ಗೊತ್ತಾದ ಮೇಲೆ ದಿನ ಹಾಕುತ್ತೇನೆ.