ಕೋಲಾರದಲ್ಲಿ ಸಬ್‌ಮರೀನ್ ಟ್ರಯಾಜ್ ಕಲಿಸಿದ ಅನುಭವ

ನಾನು ನೌಕಾಪಡೆಯಲ್ಲಿ ಮೆಡಿಕಲ್ ಅಸಿಸ್ಟೆಂಟ್ ಆಗಿದ್ದೆ. ನಿವೃತ್ತಿಯಾದ ಮೇಲೆ ಬಂಗಾರಪೇಟೆ ಹತ್ತಿರದ ನಮ್ಮ ಊರಿಗೆ ಬಂದೆ. ಈಗ ಕೋಲಾರದಲ್ಲಿ ಪ್ಯಾರಾಮೆಡಿಕಲ್ ಓದುವ ಮಕ್ಕಳಿಗೆ ಭಾನುವಾರ ಟ್ರಯಾಜ್ ಹೇಳಿಕೊಡುತ್ತೇನೆ. ಒಟ್ಟಿಗೆ ತುಂಬಾ ಗಾಯಾಳುಗಳು ಬಂದಾಗ ಯಾರನ್ನು ಮೊದಲು ನೋಡಬೇಕು ಅಂತ ವಿಂಗಡಿಸುವ ಕೆಲಸ ಅದು. ಹೆದ್ದಾರಿ ಅಪಘಾತದ ಅಭ್ಯಾಸ ಅವರಿಗೆ ಮೊದಲೇ ಆಗಿತ್ತು. ನಾನು ಮುಳುಗಿದ ಸಬ್‌ಮರೀನ್ ತೆಗೆದುಕೊಂಡೆ.

ಅದಕ್ಕೆ ಕಾರಣ ನನ್ನದೇ ಒಂದು ತಪ್ಪು. ತರಬೇತಿಯಲ್ಲಿದ್ದಾಗ ಇಂಥದೇ ಒಂದು ಅಭ್ಯಾಸದಲ್ಲಿ, ರೋಗಿಯ ಪಾತ್ರದ ಒಬ್ಬ ನಾವಿಕನಿಗೆ ಹಸಿರು ಪಟ್ಟಿ, ಅಂದರೆ ಕಾಯಬಹುದಾದವರ ಗುರುತು, ಕಟ್ಟಿದ್ದೆ. ಆರಾಮಾಗಿ ನಡೆದು ಹೋಗಿ ಕಂಬಕ್ಕೆ ಒರಗಿ ಕೂತ. ಇಪ್ಪತ್ತು ನಿಮಿಷ ನಾನು ಆ ಕಡೆ ತಿರುಗಲಿಲ್ಲ. ಕೊನೆಗೆ ನಮ್ಮ ಮೇಷ್ಟ್ರು ಅವನ ಜೇಬಿನಿಂದ, ಆಮೇಲೆ ಬರುವ ಲಕ್ಷಣ ಬರೆದಿದ್ದ ಎರಡನೇ ಚೀಟಿ ತೆಗೆದು ಓದಿದರು: ಕಾಲು ಜೋಮು, ಮೂತ್ರ ಬರುತ್ತಿಲ್ಲ. ಅಭ್ಯಾಸವೇ ಆಗಿದ್ದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ಹತ್ತು ಮೀಟರ್ ಆಳಕ್ಕೊಮ್ಮೆ ನೀರಿನ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. ಒಳಗೆ ನೀರು ನುಗ್ಗಿದರೆ ಉಳಿದ ಗಾಳಿಯ ಒತ್ತಡವೂ ಏರಿ, ನೈಟ್ರೋಜನ್ ರಕ್ತದಲ್ಲಿ ಕರಗುತ್ತಾ ಹೋಗುತ್ತದೆ. ಬೇಗ ಮೇಲೆ ಬಂದರೆ, ಗೋಲಿ ಒತ್ತಿದ ಸೋಡಾ ಥರ, ಗುಳ್ಳೆ ಏಳುತ್ತದೆ. ಕೀಲು ನೋವು, ಜೋಮು ಎಷ್ಟೋ ಸಲ ಗಂಟೆಗಳ ನಂತರ ಕಾಣಿಸಿಕೊಳ್ಳುತ್ತವೆ. ಇನ್ನೊಂದು ಅಪಾಯಕ್ಕೆ ಅಷ್ಟೂ ಹೊತ್ತಿಲ್ಲ. ಉಸಿರು ಬಿಗಿಹಿಡಿದು ಮೇಲೆ ಬಂದವರ ಶ್ವಾಸಕೋಶ ಹರಿದು ಗಾಳಿ ಮೆದುಳಿಗೆ ಹೋದರೆ, ಸಾಮಾನ್ಯವಾಗಿ ಹತ್ತು ನಿಮಿಷದೊಳಗೇ ಗೊತ್ತಾಗುತ್ತದೆ.

2000ರ ಆಗಸ್ಟ್‌ನಲ್ಲಿ ರಷ್ಯಾದ ಕುರ್ಸ್ಕ್ ಸಬ್‌ಮರೀನ್ ಸ್ಫೋಟವಾಗಿ ಮುಳುಗಿತು. 118 ಜನರಲ್ಲಿ 23 ಮಂದಿ ಸ್ಫೋಟದ ನಂತರವೂ ಬದುಕಿದ್ದು, ಒಂಬತ್ತನೇ ವಿಭಾಗದಲ್ಲಿ ಸೇರಿದ್ದರು. ಒಬ್ಬ ಅಧಿಕಾರಿ ಅವರ ಹೆಸರುಗಳನ್ನು ಬರೆದಿಟ್ಟಿದ್ದ. ಯಾರೂ ಉಳಿಯಲಿಲ್ಲ. ಅವರು ಹೊರಗೆ ಬಂದಿದ್ದರೆ ನಾವು ಏನು ಮಾಡಬೇಕಿತ್ತು? ಅದಕ್ಕೇ ನನ್ನ ಅಭ್ಯಾಸದಲ್ಲಿ 23 ರೋಗಿಗಳು.

2018ರಲ್ಲಿ ನಮ್ಮ ನೌಕಾಪಡೆಗೆ ಬಂದ ರಕ್ಷಣಾ ವಾಹನ, ಡಿಎಸ್‌ಆರ್‌ವಿ, 650 ಮೀಟರ್‌ವರೆಗೆ ಇಳಿದು ಒಂದು ಸಲಕ್ಕೆ 14 ಜನರನ್ನು ತರಬಲ್ಲದು. ಹಾಗಾಗಿ ಮೊದಲು 14, ಆಮೇಲೆ 9. ನಿಜದಲ್ಲಿ ಒತ್ತಡ ಇಳಿಸದೆ ನೇರ ಚೇಂಬರ್‌ಗೆ, ಅಂದರೆ ಗಾಳಿಯ ಒತ್ತಡ ಏರಿಸಿ ನಿಧಾನ ಇಳಿಸುವ ಮುಚ್ಚಿದ ಕೋಣೆಗೆ, ದಾಟಿಸುವ ವ್ಯವಸ್ಥೆ ಇರುತ್ತದೆ. ಅದು ಕೆಟ್ಟಿದೆ ಅಂತ ಇಟ್ಟುಕೊಂಡೆ. ಟೊಮ್ಯಾಟೊ ಕ್ರೇಟ್‌ಗಳನ್ನು ಸುತ್ತ ಜೋಡಿಸಿ ಚೇಂಬರ್ ಮಾಡಿದೆ. ಒಳಗೆ ಆರೇ ಜಾಗ. 18 ಮೀಟರ್ ಆಳದ ಒತ್ತಡಕ್ಕೆ ಒಯ್ದು ಆಕ್ಸಿಜನ್ ಕೊಡುವ ಸಾಮಾನ್ಯ ಚಿಕಿತ್ಸೆಗೆ 4 ಗಂಟೆ 45 ನಿಮಿಷ ಬೇಕು. ಒಮ್ಮೆ ಕೊಟ್ಟ ಜಾಗ ಅಷ್ಟು ಹೊತ್ತು ಹೋದಂತೆಯೇ. ಪ್ರತಿ ರೋಗಿಯ ಜೇಬಲ್ಲಿ ಮೂರು ಚೀಟಿ: ಬಂದ ಕೂಡಲೇ, 15 ನಿಮಿಷಕ್ಕೆ, 40 ನಿಮಿಷಕ್ಕೆ.

ಮೊದಲ ಭಾನುವಾರ ಮೊದಲ ತಂಡದಲ್ಲೇ ಆರೂ ಜಾಗ ತುಂಬಿಸಿಬಿಟ್ಟರು. ಅದರಲ್ಲಿ ಇಬ್ಬರಿಗೆ ತೊಡೆಮೂಳೆ ಮುರಿದು ರಕ್ತ ಹೋಗುತ್ತಿತ್ತು, ಅಷ್ಟೇ.

"ಸಾರ್, ಕೆಂಪು ಪಟ್ಟಿ ಅಲ್ವಾ, ಅದಕ್ಕೇ ಒಳಗೆ ಹಾಕಿದ್ವಿ."

"ಕೆಂಪೇ ಕಣಪ್ಪಾ. ಆದ್ರೆ ಅವನಿಗೆ ಬೇಕಿರೋದು ಆಪರೇಷನ್. ಚೇಂಬರ್ ಏನು ಮಾಡುತ್ತೆ?"

ಅಲ್ಲಿಂದ ಎರಡು ಬೇರೆ ಲಿಸ್ಟ್ ಬರೆಸಿದೆ. ಯಾರಿಗೆ ತುರ್ತು ಅನ್ನೋದು ಒಂದು, ಯಾರಿಗೆ ಒತ್ತಡದ ಚಿಕಿತ್ಸೆ ಬೇಕು ಅನ್ನೋದು ಇನ್ನೊಂದು. ಇವೆರಡನ್ನೂ ಕಲಸಿಕೊಳ್ಳುವುದೇ ಜಾಸ್ತಿ ಆಗುವ ತಪ್ಪು. ಹಸಿರು ಪಟ್ಟಿಯವರನ್ನೂ ಮಲಗಿಸಿ, ಮಾಸ್ಕ್‌ನಲ್ಲಿ ಶುದ್ಧ ಆಕ್ಸಿಜನ್ ಕೊಟ್ಟು, ಮತ್ತೆ ಮತ್ತೆ ನೋಡಬೇಕು. ಎರಡೂ ಕೈಯಲ್ಲಿ ನನ್ನ ಬೆರಳು ಹಿಡಿ, ಪಾದ ಒತ್ತು, ಇಲ್ಲಿ ಮುಟ್ಟಿದ್ದು ಗೊತ್ತಾಗ್ತಿದೆಯಾ, ಮೂತ್ರ ಹೋಯ್ತಾ? ಕೊನೆಯ ಪ್ರಶ್ನೆ ಕೇಳಲು ಹುಡುಗಿಯರು ನಾಚಿಕೊಂಡರು. ನಾನು ಬಿಡಲಿಲ್ಲ, ಗಟ್ಟಿಯಾಗಿ ಕೇಳಿಸಿದೆ. ಬೆನ್ನುಹುರಿಗೆ ಪೆಟ್ಟಾಗಿದೆ ಅಂತ ಹೇಳುವ ಸುಳಿವುಗಳಲ್ಲಿ ಅದೂ ಒಂದು.

ನಾಲ್ಕನೇ ಭಾನುವಾರ ಮುಳಬಾಗಿಲಿನ ಹುಡುಗಿಯೊಬ್ಬಳು ಎರಡು ಜಾಗ ಖಾಲಿ ಇಟ್ಟಳು. ಉಳಿದವರು ಜಗಳಕ್ಕೇ ನಿಂತರು. "ಇನ್ನೂ ಒಂಬತ್ತು ಜನ ಕೆಳಗಿದ್ದಾರೆ," ಅಂದಳು. ಆಮೇಲೆ ಪ್ರತಿ ಹಸಿರು ಪಟ್ಟಿಯ ಮೇಲೂ ತಾನು ನೋಡಿದ ಸಮಯ ಬರೆಯುತ್ತಾ ಹೋದಳು. ಮೂರನೇ ಸುತ್ತಿನಲ್ಲಿ ಒಬ್ಬನ ಎಡ ಪಾದ ಸೋತಿದ್ದು ಸಿಕ್ಕಿತು. ಅವನಿಗೆ ಜಾಗವೂ ಇತ್ತು. ಮುಂದಿನ ವಾರದಿಂದ ಎಲ್ಲ ಪಟ್ಟಿಗೂ ದಾರದಲ್ಲಿ ಒಂದೊಂದು ಪೆನ್ಸಿಲ್ ಕಟ್ಟಿದ್ದೇನೆ.