ಕ್ರೇನ್ ಯಾರದ್ದು? ಹಾಸನದಲ್ಲಿ ನಾನು ಲೆಕ್ಕ ಇಡುವ ಬಗೆ

ದೊಡ್ಡ ಕ್ರೇನ್ ಕಂಡರೆ ನಾನು ಬೈಕ್ ಪಕ್ಕಕ್ಕೆ ಹಾಕುತ್ತೇನೆ. ಯಾವ ಮಾಡೆಲ್, ಎಷ್ಟು ಟನ್, ಎಲ್ಲಿಂದ ಬಂತು, ಈಗ ಯಾರ ಕೈಯಲ್ಲಿದೆ, ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ಹವ್ಯಾಸ. ರೈಲು, ಬಸ್ಸು, ವಿಮಾನಗಳ ಬೆನ್ನು ಹತ್ತಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಕ್ರೇನಿನವರು ಕಡಿಮೆ. ಅದಕ್ಕೇ ನಾನು ಹೇಗೆ ಮಾಡುತ್ತೇನೆ ಅಂತ ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ಹಾಸನ ಒಳ್ಳೆ ಜಾಗ. ಮಂಗಳೂರಿನ ಪಣಂಬೂರು ಬಂದರಿನಲ್ಲಿ ಇಳಿದ ಭಾರಿ ಸಾಮಾನು ಬೆಂಗಳೂರಿನ ಕಡೆ ಹೋಗಬೇಕಾದರೆ ಸಾಮಾನ್ಯವಾಗಿ ಶಿರಾಡಿ ಘಾಟಿ ಹತ್ತಿ ರಾಷ್ಟ್ರೀಯ ಹೆದ್ದಾರಿ 75ರಲ್ಲೇ ಬರುತ್ತದೆ. ಚಾರ್ಮಾಡಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ. ಹಾಗಾಗಿ ಸಕಲೇಶಪುರ, ಬಾಳ್ಳುಪೇಟೆ, ಆಲೂರು ದಾಟಿ ನಮ್ಮೂರ ಮೇಲೇ ಹಾಯಬೇಕು. ಅರಸೀಕೆರೆ ಕಡೆ ಗುಡ್ಡಗಳ ಮೇಲೆ ಗಾಳಿಯಿಂದ ವಿದ್ಯುತ್ ಮಾಡುವ ಫ್ಯಾನುಗಳಿವೆ. ಪಶ್ಚಿಮಕ್ಕೆ ಎತ್ತಿನಹೊಳೆ ಕೆಲಸ ನಡೆಯಿತು. ರಸ್ತೆ ಅಗಲ ಮಾಡುವುದು, ಸೇತುವೆ, ಸಬ್‌ಸ್ಟೇಷನ್, ಒಂದಲ್ಲ ಒಂದು ಇದ್ದೇ ಇರುತ್ತದೆ. ಶಾಂತಿಗ್ರಾಮ ಟೋಲ್ ಹತ್ತಿರ ಟೀ ಕುಡಿಯುತ್ತಾ ಕೂತರೂ ಏನಾದರೂ ಒಂದು ಕಣ್ಣಿಗೆ ಬೀಳುತ್ತದೆ.

ಮೊದಲು ಯಂತ್ರ ಗುರುತಿಸುವುದನ್ನು ಕಲಿಯಬೇಕು. ಊರಿನಲ್ಲಿ ಎಲ್ಲ ಕ್ರೇನಿಗೂ ಜನ ಹೈಡ್ರಾ ಅಂತಾರೆ. ನಿಜವಾದ ಹೈಡ್ರಾ ಅಂದರೆ ಮುಂದೆ ಬೂಮ್ (ಎತ್ತುವ ಉದ್ದನೆಯ ತೋಳು) ಚಾಚಿಕೊಂಡು, ಲೋಡ್ ಎತ್ತಿಕೊಂಡೇ ನಡೆಯುವ ಚಿಕ್ಕದು. ಎಸ್ಕಾರ್ಟ್ಸ್, ಎಸಿಇ ಕಂಪನಿಗಳದ್ದು ಜಾಸ್ತಿ. ನಾನು ಅದನ್ನು ಬರೆದುಕೊಳ್ಳುವುದಿಲ್ಲ, ಬರೆಯುತ್ತಾ ಹೋದರೆ ಮುಗಿಯುವುದೇ ಇಲ್ಲ. ನನ್ನ ಪುಸ್ತಕ ಶುರುವಾಗುವುದು 100 ಟನ್ನಿನಿಂದ. ಅಲ್ಲಿ ಎರಡು ಜಾತಿ. ಒಂದು ಟೈರಿನ ಮೇಲೆ ತಾನೇ ಓಡುವ ಟೆಲಿಸ್ಕೋಪಿಕ್. ಇನ್ನೊಂದು ಚೈನ್ ಮೇಲಿರುವ ಕ್ರಾಲರ್. ಇದನ್ನು ಬಿಚ್ಚಿ, ಸಾಲು ಟ್ರೈಲರ್‌ಗಳಲ್ಲಿ ತಂದು, ಸೈಟಿನಲ್ಲಿ ಜೋಡಿಸುತ್ತಾರೆ.

ಟೈರಿನದಾದರೆ ಆಕ್ಸಲ್ ಎಣಿಸಿ. ಅರ್ಧ ಕೆಲಸ ಮುಗಿಯಿತು. ಉಳಿದದ್ದನ್ನು ಮಾಡೆಲ್ ನಂಬರ್ ಹೇಳುತ್ತದೆ. ಲೀಬ್‌ಹರ್ ಕಂಪನಿಯ ಎಲ್‌ಟಿಎಂ 1100-5.2 ಅಂದರೆ 100 ಟನ್, ಐದು ಆಕ್ಸಲ್, ಆ ಸಾಲಿನ ಎರಡನೇ ಆವೃತ್ತಿ. ಮೊದಲ 1 ಅನ್ನು ಬಿಟ್ಟು ಓದಬೇಕು. ಅದೇ ರೀತಿ ಎಲ್‌ಟಿಎಂ 1500-8.1 ಅಂದರೆ 500 ಟನ್, ಎಂಟು ಆಕ್ಸಲ್. ಎಲ್‌ಟಿಎಂ 11200-9.1 ಅಂದರೆ 1200 ಟನ್, ಒಂಬತ್ತು ಆಕ್ಸಲ್, 100 ಮೀಟರ್ ಬೂಮ್. ಗ್ರೋವ್‌ನವರು ಆಕ್ಸಲ್ ಸಂಖ್ಯೆಯನ್ನು ಮುಂದೆ ಇಡುತ್ತಾರೆ: ಜಿಎಂಕೆ 5100 ಅಂದರೆ ಐದು ಆಕ್ಸಲ್, 100 ಟನ್. ಕೊಬೆಲ್ಕೊ ಕ್ರಾಲರ್ ಸಿಕೆಇ 2500 ಅಂದರೆ 250 ಟನ್, ಕೊನೆಯ ಸೊನ್ನೆ ತೆಗೆಯಬೇಕು. ಒಬ್ಬೊಬ್ಬರದ್ದು ಒಂದೊಂದು ಪದ್ಧತಿ. ಒಂದು ಸಲ ತಲೆಗೆ ಹತ್ತಿದರೆ ದೂರದಿಂದಲೇ ಹೇಳಬಹುದು.

ಆದರೆ ಈ ಟನ್ ಲೆಕ್ಕವನ್ನು ಪೂರ್ತಿ ನಂಬಿಕೊಳ್ಳಬೇಡಿ. 500 ಟನ್ ಅನ್ನುವುದು ಕ್ರೇನಿನ ಮಧ್ಯದಿಂದ ಬರೀ ಮೂರು ಮೀಟರ್ ದೂರದಲ್ಲಿ, ಬೂಮ್ ಚಿಕ್ಕದಾಗಿ ಇಟ್ಟಾಗ ಸಿಗುವ ತಾಕತ್ತು. ದೂರ ಚಾಚಿದಷ್ಟೂ, ಎತ್ತರ ಏರಿಸಿದಷ್ಟೂ ಅದು ಇಳಿಯುತ್ತಾ ಹೋಗುತ್ತದೆ. ಫ್ಯಾನಿನ ಕೆಲಸಕ್ಕೆ ಅಷ್ಟು ದೊಡ್ಡ ಕ್ರೇನ್ ಯಾಕೆ ಅಂತ ಜನ ಕೇಳುತ್ತಾರೆ. ಎತ್ತರಕ್ಕೆ ಬೇಕು, ಬರೀ ತೂಕಕ್ಕಲ್ಲ. ಅಷ್ಟೆತ್ತರದಲ್ಲಿ ಭಾರ ಹಿಡಿದು ನಿಲ್ಲಬೇಕಾದರೆ ಕ್ರೇನ್ ಮಗುಚದಂತೆ ಹಿಂದೆ ಕೌಂಟರ್ ವೇಟ್ ರಾಶಿ ಬೇಕು. ಅದೆಲ್ಲ ಬೇರೆ ಟ್ರೈಲರ್‌ಗಳಲ್ಲಿ ಬರುತ್ತದೆ. ರಸ್ತೆಯಲ್ಲಿ ಚೌಕ ಚೌಕ ಕಬ್ಬಿಣದ ಚಪ್ಪಡಿ ಹೊತ್ತ ಟ್ರೈಲರ್‌ಗಳ ಸಾಲು ಕಂಡರೆ ಸುಮ್ನೆ ಹೋಗಬೇಡಿ, ಹಿಂದೆ ಮುಂದೆ ಎಲ್ಲೋ ದೊಡ್ಡದೊಂದು ಇದೆ ಅಂತ ಅರ್ಥ.

ಇನ್ನು ಮಾಲೀಕರ ವಿಷಯ. ಬೂಮ್ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರಿರುತ್ತದೆ, ಅದನ್ನು ನೋಡಿ ಬರೆದುಕೊಂಡರೆ ಆಯ್ತು ಅನ್ನಿಸಬಹುದು. ಅಷ್ಟು ಸುಲಭ ಇಲ್ಲ. ಕ್ರೇನ್ ಬಾಡಿಗೆಗೆ ಹೋಗುತ್ತದೆ, ಬಾಡಿಗೆ ಪಡೆದವರು ಇನ್ನೊಬ್ಬರಿಗೆ ಕೊಡುತ್ತಾರೆ, ಮಾರಾಟ ಆಗುತ್ತದೆ. ಹೊಸ ಮಾಲೀಕರು ಬಣ್ಣ ಹೊಡೆಸುವ ತನಕ ಹಳೆ ಹೆಸರಲ್ಲೇ ಓಡಾಡುತ್ತಿರುತ್ತದೆ. ತಯಾರಕರ ಹೆಸರೂ ಬದಲಾಗುತ್ತದೆ. ಡೆಮಾಗ್ ಕಂಪನಿಯ ಮೊಬೈಲ್ ಕ್ರೇನ್ ವ್ಯವಹಾರವನ್ನು 2002ರಲ್ಲಿ ಟೆರೆಕ್ಸ್ ಕೊಂಡಿತು, 2019ರಲ್ಲಿ ಅದು ಜಪಾನಿನ ಟಡಾನೊ ಕೈಗೆ ಹೋಯಿತು. ಒಂದೇ ವಂಶದ ಕ್ರೇನುಗಳ ಮೇಲೆ ಬೇರೆ ಬೇರೆ ಹೆಸರು ಕಾಣುವುದು ಇದಕ್ಕೇ.

ನಂಬರ್ ಪ್ಲೇಟೂ ಸ್ಥಿರವಲ್ಲ. ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಉಳಿದರೆ ಅಲ್ಲಿನ ನಂಬರ್ ಪಡೆಯಬೇಕು ಅಂತ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಹಾಗಾಗಿ ಹೋದ ವರ್ಷ ಎಂಎಚ್ ಇದ್ದದ್ದು ಈ ವರ್ಷ ಕೆಎ ಆಗಿರಬಹುದು. ಕ್ರಾಲರ್ ಆದರೆ ಇನ್ನೂ ಗೊಂದಲ. ಅದನ್ನು ಹೊತ್ತ ಟ್ರೈಲರಿನ ನಂಬರ್ ಬರೀ ಟ್ರೈಲರಿಗೆ ಸೇರಿದ್ದು, ಕ್ರೇನಿಗೂ ಅದಕ್ಕೂ ಸಂಬಂಧವೇ ಇಲ್ಲ. ಹೊಸದಾಗಿ ಶುರು ಮಾಡಿದ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಗಾಡಿಯ ಮಾಡೆಲ್, ನೋಂದಣಿ ದಿನಾಂಕ ಸಿಗುತ್ತದೆ. ಮಾಲೀಕರ ಹೆಸರಿನ ಅಕ್ಷರಗಳನ್ನು ಮರೆಮಾಡಿರುತ್ತಾರೆ. ಇರಲಿ, ಒಬ್ಬರ ಖಾಸಗಿ ವಿವರ ನಮಗೆ ಬೇಕಾಗಿಯೂ ಇಲ್ಲ.

ಬಣ್ಣ, ನಂಬರ್ ಪ್ಲೇಟು, ಹೆಸರು ಮೂರೂ ಬದಲಾದರೂ ಬದಲಾಗದ್ದು ಒಂದೇ, ತಯಾರಕರು ಯಂತ್ರದ ಮೇಲಿನ ತಮ್ಮ ಪ್ಲೇಟಿನಲ್ಲಿ ಒತ್ತಿದ ಸೀರಿಯಲ್ ನಂಬರ್. ಆದ್ದರಿಂದ ನನ್ನ ಪುಸ್ತಕದಲ್ಲಿ ಮಾಲೀಕರಿಗೆ ಪುಟ ಇಲ್ಲ. ಒಂದೊಂದು ಯಂತ್ರಕ್ಕೆ ಒಂದೊಂದು ಪುಟ. ಮೇಲ್ಗಡೆ ಸೀರಿಯಲ್, ಮಾಡೆಲ್, ತಯಾರಾದ ವರ್ಷ. ಕೆಳಗೆ ಯಾವ ತಾರೀಕು ಎಲ್ಲಿ ಕಂಡೆ, ಯಾವ ಬಣ್ಣ, ಯಾವ ನಂಬರ್, ಯಾರ ಹೆಸರು. ಮಾಲೀಕರು ಆ ಪುಟದೊಳಗೆ ಬಂದು ಹೋಗುತ್ತಾರೆ.

ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಅರಸೀಕೆರೆ ರಸ್ತೆಯ ಒಂದು ಯಾರ್ಡಿನಲ್ಲಿ ಐದು ಆಕ್ಸಲಿನ ಗ್ರೋವ್ ಜಿಎಂಕೆ 5100 ನಿಂತಿತ್ತು. ಹಳದಿ ಬಣ್ಣ, ಎಂಎಚ್ ನಂಬರ್, ಎಡಗಡೆ ಸ್ಟಿಯರಿಂಗ್. ಆಪರೇಟರ್ ಬಿಹಾರದವರು, ಒಳ್ಳೆ ಮನುಷ್ಯ. ನನ್ನ ಅರ್ಧಂಬರ್ಧ ಹಿಂದಿಯಲ್ಲೇ ಮಾತಾಡಿಸಿದೆ. "ಭೈಯಾ, ಸೀರಿಯಲ್ ಪ್ಲೇಟ್ ನೋಡಬಹುದಾ?" ಅಂದೆ. ನಕ್ಕು, ಕರೆದುಕೊಂಡು ಹೋಗಿ ತೋರಿಸಿದರು. ಗ್ರೀಸ್ ಒರೆಸಿದ ಮೇಲೆ ಸೀರಿಯಲ್ ಸ್ಪಷ್ಟವಾಗಿ ಕಂಡಿತು. ಏಣಿಯ ಹಿಂದೆ ಬಣ್ಣ ಕಿತ್ತುಹೋದ ಕಡೆ ಹಳದಿಯ ಕೆಳಗೆ ಹಸಿರು ಇತ್ತು. ಕ್ಯಾಬಿನ್ ಬಾಗಿಲ ಒಳಗೆ ಜರ್ಮನ್ ಭಾಷೆಯ ಎಚ್ಚರಿಕೆ ಚೀಟಿಗಳು. ಅವುಗಳ ಪಕ್ಕ ದುಂಡನೆಯ ಒಂದು ಸ್ಟಿಕ್ಕರ್.

ಆ ಸ್ಟಿಕ್ಕರ್ ನನಗೆ ಬಂಗಾರ. ಜರ್ಮನಿಯಲ್ಲಿ ಕ್ರೇನುಗಳಿಗೆ ವರ್ಷಕ್ಕೊಮ್ಮೆ ಯುವಿವಿ ಅನ್ನುವ ಸುರಕ್ಷತಾ ತಪಾಸಣೆ ಇರುತ್ತದೆ. ಮುಂದಿನ ತಪಾಸಣೆ ಯಾವ ತಿಂಗಳು, ಯಾವ ವರ್ಷ ಅಂತ ಸ್ಟಿಕ್ಕರ್ ಮೇಲೆ ನಮೂದಾಗಿರುತ್ತದೆ. ಅಂದರೆ ಅದಕ್ಕೆ ಒಂದು ವರ್ಷ ಹಿಂದಿನ ತನಕ ಈ ಯಂತ್ರ ಅಲ್ಲೇ ದುಡಿಯುತ್ತಿತ್ತು. ಮನೆಗೆ ಬಂದು ಆ ಸೀರಿಯಲ್ ಹಿಡಿದು ಹುಡುಕಿದೆ. ಯುರೋಪಿನ ಸೆಕೆಂಡ್ ಹ್ಯಾಂಡ್ ಡೀಲರುಗಳು ಜಾಹೀರಾತಿನಲ್ಲಿ ಸೀರಿಯಲ್, ತಯಾರಾದ ವರ್ಷ, ಓಡಿದ ಗಂಟೆ ಎಲ್ಲ ಹಾಕುವುದುಂಟು. ಹಳೆಯ ಒಂದು ಜಾಹೀರಾತಿನಲ್ಲಿ ಅದೇ ನಂಬರ್ ಸಿಕ್ಕಿತು. ಚಿತ್ರದಲ್ಲಿ ಹಸಿರು ಬಣ್ಣ. ಈ ಮಾಡೆಲ್ ತಯಾರಾಗುತ್ತಿದ್ದದ್ದು ಉತ್ತರ ಜರ್ಮನಿಯ ವಿಲ್ಹೆಲ್ಮ್ಸ್‌ಹಾಫೆನ್‌ನಲ್ಲಿ, ಹಿಂದೆ ಕ್ರುಪ್ ಕಂಪನಿಯದಾಗಿದ್ದ ಕಾರ್ಖಾನೆಯಲ್ಲಿ. ಅಲ್ಲಿಂದ ಅರಸೀಕೆರೆ ರಸ್ತೆಯ ತನಕ ಇದರ ದಾರಿ ಒಂದು ಪುಟದಲ್ಲಿ ಬಂದು ಕೂತಿತು.

ಆಮೇಲೆ ಮಂಗಳೂರಿನಲ್ಲಿ ಬಿಳಿ ಬಣ್ಣದ ಒಂದು ಜಿಎಂಕೆ ಕಂಡೆ. ಕೆಎ-19 ನಂಬರ್, ಬೇರೆ ಸಂಸ್ಥೆಯ ಹೆಸರು. "ಹೊಸದಾಗಿ ತಂದಿದ್ದಾರೆ ಸರ್" ಅಂದರು ಅಲ್ಲಿ ಲೋಡ್ ಕಟ್ಟುವ ರಿಗ್ಗರ್. ಪ್ಲೇಟ್ ನೋಡಿದರೆ ಅದೇ ಸೀರಿಯಲ್! ಅದೇ ಯಂತ್ರ, ನನ್ನ ಹಳೆ ಪರಿಚಯ. ಹೆಸರು ನೋಡಿ ಲೆಕ್ಕ ಇಟ್ಟಿದ್ದರೆ ನನ್ನ ಪುಸ್ತಕದಲ್ಲಿ ಎರಡು ಕ್ರೇನ್ ಇರುತ್ತಿತ್ತು. ಆ ದಿನದ ಖುಷಿಯನ್ನು ಮಾತಿನಲ್ಲಿ ಹೇಳುವುದು ಕಷ್ಟ.

ಪ್ಲೇಟ್ ಹತ್ತಿರ ಹೋಗಲು ಆಗದೇ ಇದ್ದಾಗ ಇನ್ನೊಂದು ದಾರಿ ಇದೆ. ನಮ್ಮಲ್ಲಿ ಎತ್ತುವ ಯಂತ್ರಗಳನ್ನು ಕಾಲಕಾಲಕ್ಕೆ ಅರ್ಹ ವ್ಯಕ್ತಿಯಿಂದ ಪರೀಕ್ಷೆ ಮಾಡಿಸಬೇಕು. ದೊಡ್ಡ ಸೈಟುಗಳಲ್ಲೂ ಟಿಪಿಐ (ಹೊರಗಿನ ಸಂಸ್ಥೆಯ ತಪಾಸಣೆ) ಸರ್ಟಿಫಿಕೇಟ್ ಇಲ್ಲದೆ ಕ್ರೇನ್ ಒಳಗೆ ಬಿಡುವುದಿಲ್ಲ. ಆ ಸರ್ಟಿಫಿಕೇಟಿನಲ್ಲಿ ಮಾಡೆಲ್, ಸೀರಿಯಲ್ ಇರುತ್ತದೆ. ಸೇಫ್ಟಿ ಆಫೀಸರ್ ಹತ್ತಿರ ವಿನಯದಿಂದ ಕೇಳಿದರೆ ಕೆಲವರು ಸೀರಿಯಲ್ ಓದಿ ಹೇಳುತ್ತಾರೆ. ಹೇಳದಿದ್ದರೆ ಒತ್ತಾಯ ಮಾಡಬಾರದು.

ದೊಡ್ಡ ಮಾಲೀಕರ ಬಗ್ಗೆ ತಿಳಿಯಲು ಸಾರ್ವಜನಿಕ ದಾಖಲೆಗಳೇ ಸಾಕು. ಪುಣೆಯ ಸಾಂಘ್ವಿ ಮೂವರ್ಸ್ ಷೇರುಪೇಟೆಯಲ್ಲಿರುವ ಕಂಪನಿ. ಅವರ ವಾರ್ಷಿಕ ವರದಿ ಓದಿದರೆ ಕ್ರೇನ್ ಬಾಡಿಗೆ ವ್ಯವಹಾರ ಹೇಗೆ ನಡೆಯುತ್ತದೆ, ಗಾಳಿ ವಿದ್ಯುತ್ತಿನ ಕೆಲಸ ಅದರಲ್ಲಿ ಎಷ್ಟು ಮುಖ್ಯ ಅನ್ನುವುದೆಲ್ಲ ಗೊತ್ತಾಗುತ್ತದೆ. ಇಂಟರ್‌ನ್ಯಾಷನಲ್ ಕ್ರೇನ್ಸ್ ಪತ್ರಿಕೆ ಪ್ರತಿ ವರ್ಷ ಜಗತ್ತಿನ ದೊಡ್ಡ ಕ್ರೇನ್ ಮಾಲೀಕರ ಪಟ್ಟಿ ಪ್ರಕಟಿಸುತ್ತದೆ. ಮ್ಯಾಮೋಟ್, ಸಾರೆನ್ಸ್ ಅಂಥವರ ಜೊತೆ ಭಾರತದ ಹೆಸರುಗಳೂ ಅದರಲ್ಲಿ ಬರುತ್ತವೆ. ಆ ಪಟ್ಟಿಯ ಅಳತೆ ನನಗೆ ತುಂಬಾ ಇಷ್ಟ. ಎಷ್ಟು ಕ್ರೇನ್ ಇವೆ ಅಂತ ಎಣಿಸಿ ಸ್ಥಾನ ಕೊಡುವುದಿಲ್ಲ. ಪ್ರತಿ ಕ್ರೇನಿನ ಗರಿಷ್ಠ ತಾಕತ್ತನ್ನು ಟನ್-ಮೀಟರ್ ಲೆಕ್ಕದಲ್ಲಿ, ಅಂದರೆ ಭಾರವನ್ನು ದೂರದಿಂದ ಗುಣಿಸಿ, ಕೂಡಿಸುತ್ತಾರೆ. ನೂರು ಚಿಕ್ಕ ಕ್ರೇನ್ ಇಟ್ಟುಕೊಂಡವರಿಗಿಂತ ಬೆರಳೆಣಿಕೆಯ ದೈತ್ಯರನ್ನು ಇಟ್ಟುಕೊಂಡವರು ಮೇಲೆ ಬರಬಹುದು. ನ್ಯಾಯವಾದ ಅಳತೆ ಅಲ್ವಾ?

ನಡವಳಿಕೆಯ ಬಗ್ಗೆ ಎರಡು ಮಾತು. ಕ್ರೇನ್ ಜಾಕ್ ಹಾಕಿ ನಿಂತಿದ್ದರೆ ಬೂಮ್ ತಿರುಗುವ ಸುತ್ತಳತೆಯೊಳಗೆ ಕಾಲಿಡಬೇಡಿ. ಹಿಂದಿನ ಕೌಂಟರ್ ವೇಟ್ ತಿರುಗುವಾಗ ಆಪರೇಟರಿಗೆ ನೀವು ಕಾಣುವುದಿಲ್ಲ. ಲೋಡ್ ಗಾಳಿಯಲ್ಲಿರುವಾಗ ಯಾರನ್ನೂ ಮಾತಾಡಿಸಬೇಡಿ, ಊಟದ ಹೊತ್ತಿಗೆ ಹೋಗಿ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ, ಆ ಕಡೆ ನಾನು ಕ್ಯಾಮೆರಾ ತೆಗೆಯುವುದೇ ಇಲ್ಲ, ಒಳಗೆ ಎಂಥ ಕ್ರೇನ್ ಕಂಡರೂ ಸರಿ. ಇನ್ನೊಂದು, ಕೆಲಸ ನಡೆಯುತ್ತಿರುವಾಗ ಜಾಗದ ಹೆಸರು ಹಾಕಿ ಫೋಟೊ ಹಂಚುವುದಿಲ್ಲ. ರಾತ್ರಿ ಸೈಟಿನಿಂದ ಡೀಸೆಲ್, ಬ್ಯಾಟರಿ ಕದಿಯುವವರಿಗೆ ನಾವೇ ದಾರಿ ತೋರಿಸಿದಂತೆ ಆಗಬಾರದು. ಕ್ರೇನ್ ಹೊರಟ ಮೇಲೆ ಹಂಚಿದರೆ ಸಾಕು. ಆಪರೇಟರ್‌ಗಳ ಹೆಸರೂ ನನ್ನ ಪುಸ್ತಕದಲ್ಲಿ ಇಲ್ಲ. ಆದರೆ ಅವರ ಫೋಟೊ ತೆಗೆದುಕೊಟ್ಟು ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಮನೆಯಿಂದ ತಿಂಗಳುಗಟ್ಟಲೆ ದೂರ ಇರುವವರು, ತಮ್ಮ ಯಂತ್ರದ ಮುಂದೆ ನಿಂತ ಒಂದು ಒಳ್ಳೆ ಚಿತ್ರ ಅವರಿಗೆ ಊರಿಗೆ ಕಳಿಸಲು ಬೇಕಾಗಿರುತ್ತದೆ.

ಇದಕ್ಕೊಂದು ಕಾಲವೂ ಇದೆ. ಮುಂಗಾರಿನಲ್ಲಿ ಗಾಳಿ ಜಾಸ್ತಿ, ಫ್ಯಾನುಗಳಿಗೆ ಅದೇ ಸುಗ್ಗಿ, ಆಗ ಅವನ್ನು ನಿಲ್ಲಿಸಿ ರಿಪೇರಿ ಮಾಡಲು ಯಾರಿಗೂ ಮನಸ್ಸಿಲ್ಲ. ಅಷ್ಟು ಗಾಳಿಯಲ್ಲಿ ರೆಕ್ಕೆ ಎತ್ತುವುದೂ ಅಪಾಯ. ಬೂಮಿನ ತುದಿಯಲ್ಲಿ ಗಾಳಿಯ ವೇಗ ಅಳೆಯುವ ಮೀಟರ್ ಇರುತ್ತದೆ, ಮಿತಿ ದಾಟಿದರೆ ಕೆಲಸ ನಿಲ್ಲಿಸಬೇಕು. ಶಿರಾಡಿಯಲ್ಲೂ ಮಣ್ಣು ಕುಸಿದರೆ ಭಾರಿ ವಾಹನ ಬಿಡುವುದಿಲ್ಲ. ಹಾಗಾಗಿ ಹಾಸನಾಂಬ ದೇವಸ್ಥಾನದ ಬಾಗಿಲು ತೆರೆಯುವ ಹೊತ್ತಿಗೆ ನಮ್ಮ ಕಡೆ ದೊಡ್ಡ ಕ್ರೇನುಗಳ ಓಡಾಟ ಶುರುವಾಗುತ್ತದೆ, ಬೇಸಿಗೆ ಮುಗಿಯುವ ತನಕ ಇರುತ್ತದೆ.

ನನ್ನ ಪುಸ್ತಕದಲ್ಲಿ ಈಗ ದೊಡ್ಡ ಖಾಲಿ ಇರುವುದು ಹಳೆ ಕ್ರೇನುಗಳದ್ದು. ಕೋಲ್ಕತ್ತಾದ ಟಿಐಎಲ್ ಮಾಡುತ್ತಿದ್ದ ಕೋಲ್ಸ್ ಕ್ರೇನುಗಳು ಒಂದು ಕಾಲಕ್ಕೆ ಎಲ್ಲ ಕಡೆ ಇದ್ದವು. ಈಗ ಗುಜರಿಗೆ ಹೋಗುತ್ತಿವೆ. ಇವು 100 ಟನ್ನಿಗಿಂತ ಚಿಕ್ಕವು, ಆದರೂ ಇವಕ್ಕೆ ಮಾತ್ರ ನನ್ನ ನಿಯಮ ಸಡಿಲ. ಕಡೂರು, ತರೀಕೆರೆ, ಚನ್ನರಾಯಪಟ್ಟಣ ಕಡೆಯ ಯಾರ್ಡುಗಳಲ್ಲಿ ಗಿಡ ಬೆಳೆದುಕೊಂಡು ನಿಂತದ್ದೇನಾದರೂ ನಿಮ್ಮ ಕಣ್ಣಿಗೆ ಬಿದ್ದರೆ, ಮಾಲೀಕರನ್ನು ಕೇಳಿ ಪ್ಲೇಟಿನ ಒಂದು ಫೋಟೊ ತೆಗೆದಿಡಿ. ಪ್ಲೇಟ್ ಓದಲು ಬರದಷ್ಟು ತುಕ್ಕು ಹಿಡಿದಿದ್ದರೆ ಅದರ ಮೇಲೆ ಸೀಮೆಸುಣ್ಣ ಉಜ್ಜಿ, ಓರೆಯಾಗಿ ಟಾರ್ಚ್ ಬೆಳಕು ಬಿಡಿ. ಒತ್ತಿದ ಅಂಕಿಗಳು ಚೆನ್ನಾಗಿ ಕಾಣುತ್ತವೆ.