ಬೀರುವಿನಲ್ಲಿದ್ದ ಕಿಟ್ಟು, ಡಬ್ಬಿಯಲ್ಲಿದ್ದ ಕಡ್ಡಿ

ಎಣಿಸುವ ಕಡ್ಡಿ, ರಬ್ಬರ್ ಬ್ಯಾಂಡು, ಆಟದ ನೋಟುಗಳಿದ್ದ ಗಣಿತ ಕಿಟ್ಟಿನ ಪೆಟ್ಟಿಗೆಗೆ ಅಂಟಿಸಿದ್ದ ಟೇಪನ್ನು ಯಾರೂ ಕಿತ್ತಿರಲಿಲ್ಲ. ಮುಖ್ಯಗುರುಗಳ ಕೋಣೆಯ ಬೀರುವಿನ ಕೆಳಗಿನ ಅರೆಯಲ್ಲಿ, ಹಳೆಯ ಹಾಜರಿ ಪುಸ್ತಕಗಳ ಮಗ್ಗುಲಿಗೆ ಅದು ತಣ್ಣಗೆ ಕುಳಿತಿತ್ತು. ಅದನ್ನು ಬಳಸುವುದು ಹೇಗೆಂದು ಆ ಶಾಲೆಯ ಶಿಕ್ಷಕಿಗೆ ನಾಲ್ಕು ತಿಂಗಳ ಹಿಂದೆ ಮೂರು ದಿನ ತರಬೇತಿ ಕೊಟ್ಟವನು ನಾನೇ. ಕೊನೆಯ ದಿನ ಹಿಮ್ಮಾಹಿತಿ ನಮೂನೆಯಲ್ಲಿ ಅವರು ‘ತುಂಬಾ ಉಪಯುಕ್ತವಾಗಿತ್ತು’ ಎಂದು ಬರೆದಿದ್ದರು. ಸುಳ್ಳು ಬರೆದಿರಲಿಲ್ಲ. ಆ ಮೂರೂ ದಿನ ಮುಂದಿನ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದವರು ಅವರು.

ಆಗ ನಾನು ಗದಗ ಜಿಲ್ಲೆಯ ಒಂದು ಕ್ಲಸ್ಟರಿಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಒಂದು ಗುಂಪಿಗೆ, ಸಂಪನ್ಮೂಲ ವ್ಯಕ್ತಿ ಅಥವಾ ಸಿಆರ್‌ಪಿ. 14 ಶಾಲೆ, ಒಂದು ಬೈಕು, ಹೆಗಲಿಗೊಂದು ಚೀಲ, ಚೀಲದಲ್ಲಿ ಶಾಲಾ ಭೇಟಿಯ ನಮೂನೆಗಳು. ‘ಟಿಎಲ್‌ಎಂ ಬಳಕೆ’ (ಬೋಧನಾ ಸಾಮಗ್ರಿಯ ಬಳಕೆ) ಎಂಬ ಕಲಮಿನಲ್ಲಿ ನಾನು ತಿಂಗಳುಗಟ್ಟಲೆ ‘ಉತ್ತಮ’ ಎಂದೇ ತುಂಬಿಕೊಂಡು ಬಂದಿದ್ದೆ. ಗೋಡೆಗೆ ನಾಲ್ಕು ಚಾರ್ಟು ತೂಗಿದ್ದರೆ ಉತ್ತಮ, ಎಂಟಿದ್ದರೆ ಅತ್ಯುತ್ತಮ. ಬೀರುವಿನ ಬಾಗಿಲು ತೆರೆದು ನೋಡಿದ್ದು ಅದೇ ಮೊದಲು. ಅದೂ ಬಿಸಿಯೂಟದ ಲೆಕ್ಕದ ಪುಸ್ತಕ ಹುಡುಕುವಾಗ.

ತರಬೇತಿಗಳಿಗೆ ನಮ್ಮಲ್ಲಿ ಬರವಿಲ್ಲ. ನಲಿ-ಕಲಿ, ಗುರುಚೇತನ, 2019ರಲ್ಲಿ ನಿಷ್ಠಾ, ಕೊರೊನಾ ಬಂದ ಮೇಲೆ ಅದೇ ನಿಷ್ಠಾ ದೀಕ್ಷಾ ಎಂಬ ಆನ್‌ಲೈನ್ ಪೋರ್ಟಲಿನಲ್ಲಿ, 2022ರಲ್ಲಿ ಕಲಿಕಾ ಚೇತರಿಕೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ತಾಸಿನ ವೃತ್ತಿಪರ ಕಲಿಕೆ ಎನ್ನುತ್ತದೆ. ತಾಸು ಎಣಿಸುವುದು ಸುಲಭ. ಒಂದು ಕೈಯಲ್ಲಿ ರೊಟ್ಟಿ ಬಡಿಯುತ್ತಾ, ಪಕ್ಕದಲ್ಲಿ ಮೊಬೈಲಿನ ವಿಡಿಯೊ ಓಡಲು ಬಿಟ್ಟು ಪ್ರಮಾಣಪತ್ರ ಪಡೆದವರನ್ನು ನಾನು ಬಲ್ಲೆ. ಅವರನ್ನು ಬೈಯುವ ನೈತಿಕ ಹಕ್ಕು ನನಗಿಲ್ಲ. ನಾನೂ ಒಂದೆರಡನ್ನು ಹಾಗೆಯೇ ಮುಗಿಸಿದ್ದೇನೆ.

ಆ ದಿನ ಪೆಟ್ಟಿಗೆ ನೋಡಿ ನನಗೆ ಮೊದಲು ಬಂದದ್ದು ಸಿಟ್ಟು. ‘ಇದೇನು ಗುರುಮಾತೆ?’ ಎಂದೆ. ನಮ್ಮ ಕಡೆ ಶಿಕ್ಷಕಿಯರನ್ನು ಹಾಗೆಯೇ ಕರೆಯುವುದು. ಅವರು ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ‘ಸರ್, ನೀವು ತರಬೇತಿಯಲ್ಲಿ 30 ಜನ ಶಿಕ್ಷಕರಿಗೆ ಕಡ್ಡಿ ಕೊಟ್ಟು ಪಾಠ ಮಾಡಿದಿರಿ. ಅವರಲ್ಲಿ ಒಬ್ಬರೂ ರಬ್ಬರ್ ಬ್ಯಾಂಡ್ ಹಾರಿಸಲಿಲ್ಲ. ನನ್ನ ನಾಲ್ಕನೆಯ ತರಗತಿಗೆ ಒಮ್ಮೆ ಮಾಡಿ ತೋರಿಸಿ’ ಎಂದರು.

ಸವಾಲು ಒಪ್ಪಿಕೊಂಡು ಮರುದಿನವೇ ಹೋದೆ. ಲೆಕ್ಕ 52ರಲ್ಲಿ 27 ಕಳೆಯುವುದು. ಹಿಂದಿನ ದಿನ ಮಕ್ಕಳ ನೋಟ್‌ಪುಸ್ತಕ ತಿರುವಿದ್ದೆ. 26 ಮಕ್ಕಳಲ್ಲಿ 15 ಜನ 35 ಎಂದು ಬರೆದಿದ್ದರು. ಎರಡರಲ್ಲಿ ಏಳು ಹೋಗುವುದಿಲ್ಲವಲ್ಲ, ಹಾಗಾಗಿ ಏಳರಲ್ಲಿ ಎರಡು ತೆಗೆದು ಐದು, ಐದರಲ್ಲಿ ಎರಡು ತೆಗೆದು ಮೂರು. ಮಕ್ಕಳ ಮಟ್ಟಿಗೆ ಅದು ತಪ್ಪಲ್ಲ. ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕೆಂದು ಒಂದನೆಯ ತರಗತಿಯಿಂದ ನಾವೇ ಹೇಳಿಕೊಟ್ಟದ್ದು.

ಕಡ್ಡಿ ಹಂಚಿದೆ. ಹತ್ತರ ಕಟ್ಟು ಕಟ್ಟಲು ಹೇಳಿದೆ. ಐದು ನಿಮಿಷದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದು 25 ನಿಮಿಷ ತಿಂದಿತು. ಕೆಲವರು 9 ಕಟ್ಟಿದರು, ಕೆಲವರು 11. ಕಡ್ಡಿ ಮುರಿದು ಎರಡು ಮಾಡಿ ಎಣಿಸಿದವನೊಬ್ಬ. ರಬ್ಬರ್ ಬ್ಯಾಂಡುಗಳು ನಿಜಕ್ಕೂ ಹಾರಿದವು. ಒಂದು ನನ್ನ ಕನ್ನಡಕಕ್ಕೇ ಬಂದು ಬಡಿಯಿತು. ಕಳೆಯುವ ಮಾತು ಬರುವ ಹೊತ್ತಿಗೆ ಬೆಲ್ಲು ಹೊಡೆಯಿತು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಗುರುಮಾತೆ ನಗಲಿಲ್ಲ. ಆ ಉಪಕಾರವನ್ನು ನಾನು ಮರೆತಿಲ್ಲ.

ಊಟದ ಬಿಡುವಿನಲ್ಲಿ ವರಾಂಡದಲ್ಲಿ ಕುಳಿತು ಇಬ್ಬರೂ ಮಾತನಾಡಿದೆವು. ನನ್ನ ಸೇವೆಯಲ್ಲಿ ಅದಕ್ಕಿಂತ ಒಳ್ಳೆಯ ತರಬೇತಿಗೆ ನಾನು ಹೋಗಿಲ್ಲ. ಕಟ್ಟು ಕಟ್ಟುವುದೇ ಒಂದು ಪಾಠ, ಅದನ್ನು ಕಳೆಯುವ ಲೆಕ್ಕದ ಜೊತೆ ಬೆರೆಸಬಾರದು ಎಂದು ಅವರು ಹೇಳಿದರು. ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಬರುವ ಮಕ್ಕಳು ಕಟ್ಟಿ ಡಬ್ಬಿಗೆ ಹಾಕಲಿ. ನಾಲ್ಕು ಮಕ್ಕಳಿಗೆ ಒಂದೇ ಡಬ್ಬಿ. ಒಬ್ಬರು ಕಡ್ಡಿ ಮುಟ್ಟುವಾಗ ಇನ್ನೊಬ್ಬರು ಬರೆಯಲಿ. ರಬ್ಬರ್ ಬ್ಯಾಂಡು ಬೇಡವೇ ಬೇಡ, ನಮ್ಮ ಬಿಸಿಲಿಗೆ ಎರಡು ವಾರದಲ್ಲಿ ಹರಿಯುತ್ತದೆ. ಹಳೆಯ ಸೈಕಲ್ ಟ್ಯೂಬನ್ನು ಬಳೆ ಬಳೆಯಾಗಿ ಕತ್ತರಿಸಿದರೆ ವರ್ಷವಿಡೀ ಬಾಳುತ್ತದೆ, ಹಾರಿಸಲೂ ಬರುವುದಿಲ್ಲ. ಇದು ಯಾವ ಕೈಪಿಡಿಯಲ್ಲಿಯೂ ಇರಲಿಲ್ಲ.

ಮುಂದಿನ ವಾರ ಪಾಠ ಮಾಡಿದವರು ಅವರು, ಹಿಂದಿನ ಬೆಂಚು ನನ್ನದು. ಐದು ಕಟ್ಟು, ಎರಡು ಬಿಡಿ. ‘ಏಳು ಬಿಡಿ ಕೊಡಬೇಕು, ನಮ್ಮ ಹತ್ತಿರ ಎರಡೇ ಇವೆ, ಏನು ಮಾಡೋಣ?’ ಎಂದು ಕೇಳಿ ಸುಮ್ಮನೆ ನಿಂತರು. ಆ ಸುಮ್ಮನಿರುವಿಕೆ ನನಗೆ ಕೂರಲಾರದಷ್ಟು ಉದ್ದ ಎನಿಸಿತು. ಬಾಯಿ ಹಾಕದಿರಲು ಪೆನ್ನು ಕಚ್ಚಿಕೊಂಡಿದ್ದೆ. ಕೊನೆಗೆ ಮೂಲೆಯ ಹುಡುಗಿಯೊಬ್ಬಳು ‘ಒಂದು ಕಟ್ಟು ಬಿಚ್ಚಬೇಕು’ ಎಂದಳು.

ಅಷ್ಟೇ. ಆ ‘ಬಿಚ್ಚು’ ಎಂಬ ಪದ ಇಡೀ ತರಗತಿಯದಾಯಿತು. ನಾವು ತಲೆಮಾರುಗಳಿಂದ ‘ದಶಕದಿಂದ ಸಾಲ ತೆಗೆದುಕೋ’ ಎಂದು ಹೇಳಿಕೊಡುತ್ತಾ ಬಂದಿದ್ದೇವೆ. ಹಿಂದೊಮ್ಮೆ ಬೇರೆ ಶಾಲೆಯಲ್ಲಿ ಒಬ್ಬ ಹುಡುಗ ನನ್ನನ್ನು ‘ಸಾಲ ತೆಗೆದುಕೊಂಡದ್ದನ್ನು ಯಾವಾಗ ತೀರಿಸಬೇಕು ಸರ್?’ ಎಂದು ಕೇಳಿದ್ದ. ಅಧಿಕ ಪ್ರಸಂಗ ಎಂದು ಗದರಿಸಿದ್ದೆ. ಸೊಸೈಟಿಯ ಸಾಲದ ಮಾತನ್ನು ಮನೆಯಲ್ಲಿ ದಿನಾ ಕೇಳುವ ಮಗು ಬೇರೇನು ಕೇಳಬೇಕಿತ್ತು?

ಕಡ್ಡಿಯ ಜೊತೆ ಇನ್ನೊಂದು ಸಂಗತಿಯೂ ಹೊರಬಿತ್ತು. ಎರಡು, ಮೂರನೆಯ ತರಗತಿಯ ಕೆಲವು ಮಕ್ಕಳು ‘ಇಪ್ಪತ್ತೈದು’ ಎಂದರೆ 205 ಎಂದು ಬರೆಯುತ್ತಿದ್ದರು. ಇಪ್ಪತ್ತು ಎಂದು ಕೇಳಿಸಿತು, 20 ಬರೆದರು. ಐದು ಎಂದು ಕೇಳಿಸಿತು, 5 ಬರೆದರು. ಮಗು ಕೇಳಿದ್ದನ್ನೇ ಬರೆದಿದೆ. ನಮ್ಮ ಭಾಷೆಯ ಎಣಿಕೆ ಈ ವಿಷಯದಲ್ಲಿ ಬಹಳ ಪ್ರಾಮಾಣಿಕ: ಇಪ್ಪತ್ತರ ಮೇಲೆ ಹತ್ತುಗಳು ಮೊದಲು, ಬಿಡಿಗಳು ಆಮೇಲೆ, ಇಪ್ಪತ್ತೊಂದರಿಂದ ತೊಂಬತ್ತೊಂಬತ್ತರವರೆಗೂ ಒಂದೇ ದಾರಿ. ಹಿಂದಿಯಲ್ಲಿ ನೂರರವರೆಗಿನ ಹೆಸರುಗಳನ್ನು ಹೆಚ್ಚುಕಡಿಮೆ ಬಾಯಿಪಾಠವೇ ಮಾಡಬೇಕು. ಈ ಅನುಕೂಲವನ್ನು ನಾವು ಪಾಠದಲ್ಲಿ ಬಳಸುವುದೇ ಇಲ್ಲ. ‘ಇಪ್ಪತ್ತು’ ಎನ್ನುವಾಗ ಎರಡು ಕಟ್ಟು ಎತ್ತು, ‘ಐದು’ ಎನ್ನುವಾಗ ಐದು ಬಿಡಿ ಎತ್ತು ಎಂದು ಆ ಗುರುಮಾತೆಯೇ ಆಟ ಕಟ್ಟಿದರು.

ಅಲ್ಲಿಂದ ನಾನು ನನ್ನ ಕೆಲಸದ ಕ್ರಮ ಬದಲಿಸಿದೆ. ಎಲ್ಲ 14 ಶಾಲೆಗಳಲ್ಲಿ ಏನೋ ಸ್ವಲ್ಪ ಸ್ವಲ್ಪ ಮಾಡುವುದನ್ನು ಬಿಟ್ಟು, ಮನಸ್ಸಿದ್ದ ನಾಲ್ಕು ಜನ ಶಿಕ್ಷಕರನ್ನು ಆರಿಸಿಕೊಂಡೆ. ಇಡೀ ಅರ್ಧ ವರ್ಷಕ್ಕೆ ಒಂದೇ ವಿಷಯ: ಬಿಚ್ಚಿ ಕಳೆಯುವುದು, ಕೂಡಿ ಕಟ್ಟುವುದು. ಒಬ್ಬೊಬ್ಬರ ತರಗತಿಗೂ ಎರಡು ವಾರಕ್ಕೊಮ್ಮೆ ಹೋಗಲೇಬೇಕು. ಮೊದಲ ಸಲ ಪಾಠ ನನ್ನದು, ನಂತರ ಅವರದು. ಭೇಟಿಯ ನಮೂನೆಯನ್ನು ತರಗತಿಯೊಳಗೆ ಚೀಲದಿಂದ ಹೊರತೆಗೆಯುವುದಿಲ್ಲ ಎಂದು ನನಗೆ ನಾನೇ ಶಪಥ ಹಾಕಿಕೊಂಡೆ. ಕೈಯಲ್ಲಿ ನಮೂನೆ ಹಿಡಿದವನ ಮುಂದೆ ಯಾರೂ ಹೊಸದನ್ನು ಪ್ರಯತ್ನಿಸುವುದಿಲ್ಲ. ಚೆನ್ನಾಗಿ ಬರುವ ಹಳೆಯ ಪದ್ಯವನ್ನೇ ಹಾಡಿಸುತ್ತಾರೆ. ನಮೂನೆಯನ್ನು ಸಂಜೆ ಮನೆಯಲ್ಲಿ ತುಂಬುತ್ತಿದ್ದೆ. ಉಳಿದ ಶಾಲೆಗಳಿಗೆ ಭೇಟಿ ಕಡಿಮೆಯಾಯಿತೆಂದು ಮೇಲಿನವರಿಂದ ಎರಡು ಬಾರಿ ಮಾತು ಕೇಳಿದೆ. ಅವರ ಲೆಕ್ಕದಲ್ಲಿ ಅವರು ಹೇಳಿದ್ದು ಸರಿಯೇ.

ಎರಡು ವಾರ ಎಂಬ ಅವಧಿ ಸುಮ್ಮನೆ ಬಂದದ್ದಲ್ಲ. ಮೊದಮೊದಲು ತಿಂಗಳಿಗೊಮ್ಮೆ ಹೋದೆ. ಅಷ್ಟರಲ್ಲಿ ಮೊದಲ ಪ್ರಯತ್ನ ಕೆಟ್ಟು, ಗದ್ದಲವಾಗಿ, ಪಕ್ಕದ ಕೋಣೆಯವರು ಗೊಣಗಿ, ಶಿಕ್ಷಕರು ಡಬ್ಬಿಯನ್ನು ಬೀರುವಿಗೆ ಸೇರಿಸಿರುತ್ತಿದ್ದರು. ಹೊಸ ವಿಧಾನ ಶುರುವಿನಲ್ಲಿ ಹಳೆಯದಕ್ಕಿಂತ ಕೆಟ್ಟದಾಗಿಯೇ ನಡೆಯುತ್ತದೆ. ಆ ಕೆಟ್ಟ ವಾರದಲ್ಲಿ ಪಕ್ಕದಲ್ಲಿ ಒಬ್ಬರು ಇರಬೇಕು, ಇಲ್ಲದಿದ್ದರೆ ಕತೆ ಮುಗಿಯಿತು. ಎಷ್ಟೋ ದಿನಗಳ ಮೇಲೆ ಒಂದು ಕಾರ್ಯಾಗಾರದಲ್ಲಿ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಎಂಬ ಅಮೆರಿಕದ ಸಂಶೋಧಕರ ಹೆಸರು ಕೇಳಿದೆ. ತರಬೇತಿಯ ಕೋಣೆಯಲ್ಲಿ ಕಲಿತದ್ದು ತರಗತಿಗೆ ದಾಟಬೇಕಾದರೆ ಕಲಿತ ಮೇಲೂ ಜೊತೆಗಾರರೊಬ್ಬರು ಬೇಕು ಎಂದು ಅವರು 1980ರ ದಶಕದಲ್ಲಿಯೇ ಬರೆದಿದ್ದಾರಂತೆ. ನನಗೆ ಸಮಾಧಾನವೂ ಆಯಿತು, ಹೊಟ್ಟೆಯುರಿಯೂ ಆಯಿತು. ಕನ್ನಡಕಕ್ಕೆ ಏಟು ತಿನ್ನುವ ಮೊದಲೇ ಇದು ಗೊತ್ತಾಗಬಾರದಿತ್ತೇ!

ಅಷ್ಟು ದೂರ ಯಾಕೆ, ಕಾರ್ಡುಗಳ ಮೂಲಕ ಕಲಿಸುವ ನಮ್ಮ ನಲಿ-ಕಲಿಯೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ಋಷಿವ್ಯಾಲಿ ಶಿಕ್ಷಣ ಕೇಂದ್ರಕ್ಕೆ ಹೋಗಿ, ಅಲ್ಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಕಲಿಕಾ ಕಾರ್ಡುಗಳನ್ನು ತಾವೇ ಕುಳಿತು ಬರೆದರು. 2009-10ರಲ್ಲಿ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಅದು ಬರುವಾಗ ನಮ್ಮ ಕೈಗೆ ಬಂದದ್ದು ಅಚ್ಚಾದ ಕಾರ್ಡುಗಳು ಮತ್ತು ತರಬೇತಿಯ ದಿನಗಳು. ಕಾರ್ಡು ಯಾಕೆ ಹಾಗಿದೆ, ಕಲಿಕೆಯ ಈ ಮೆಟ್ಟಿಲಿನ ಮೊದಲು ಆ ಮೆಟ್ಟಿಲು ಯಾಕೆ ಎಂದು ಜಗಳವಾಡಿ ತೀರ್ಮಾನಿಸಿದವರಿಗೂ, ಪೆಟ್ಟಿಗೆ ಬಿಚ್ಚಿ ಸಂಖ್ಯೆ ನೋಡಿ ಜೋಡಿಸಿದ ನಮಗೂ ವ್ಯತ್ಯಾಸವಿರಲೇಬೇಕಲ್ಲ. ಕಾರ್ಡು ಕಳೆದರೆ ಅವರು ಇನ್ನೊಂದು ಬರೆದುಕೊಳ್ಳಬಲ್ಲರು. ನಾವು ಇನ್ನೊಂದು ಕಳುಹಿಸಿ ಎಂದು ಇಂಡೆಂಟು ಹಾಕುತ್ತೇವೆ.

ಶನಿವಾರದ ಸಮಾಲೋಚನಾ ಸಭೆಯನ್ನೂ ಸ್ವಲ್ಪ ತಿರುಚಿದೆ. ಮೊದಲು ಅಲ್ಲಿ ನಡೆಯುತ್ತಿದ್ದದ್ದು ಸುತ್ತೋಲೆ ಓದುವುದು, ಅಂಕಿಅಂಶ ಕೇಳುವುದು, ಚಹಾ, ಮಂಡಕ್ಕಿ. ಚಹಾ, ಮಂಡಕ್ಕಿ ಉಳಿಸಿಕೊಂಡೆವು. ಸುತ್ತೋಲೆಗಳನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ಪ್ರತಿಯೊಬ್ಬರೂ ಐದು ಮಕ್ಕಳ ನೋಟ್‌ಪುಸ್ತಕ ತರಬೇಕೆಂದೆ. ಒಳ್ಳೆಯ ಅಕ್ಷರದವರದು ಬೇಡ, ತಪ್ಪು ಮಾಡಿದವರದು. ಒಂದು ತಪ್ಪನ್ನು ಹಲಗೆಯ ಮೇಲೆ ಬರೆದು, ‘ಈ ಮಗು ಏನು ಯೋಚಿಸಿರಬೇಕು?’ ಎಂದು ಕೇಳುವುದು. ಮೊದಲ ಸಭೆಯಲ್ಲಿ ಬಂದ ಉತ್ತರ: ‘ಏನೂ ಯೋಚಿಸಿಲ್ಲ, ಮನೆಯಲ್ಲಿ ಓದಿಸುವವರಿಲ್ಲ.’ ಮೂರನೆಯ ಸಭೆಯ ಹೊತ್ತಿಗೆ ಹಿರಿಯರೊಬ್ಬರು 403ರಲ್ಲಿ 158 ಕಳೆಯುವ ಲೆಕ್ಕದಲ್ಲಿ ಸೊನ್ನೆಯನ್ನು ದಾಟುವಾಗ ಮಗು ಎಲ್ಲಿ ಎಡವಿತು ಎಂದು ಕಾಲು ತಾಸು ವಾದ ಮಾಡಿದರು. ಚಹಾ ಆರಿಹೋಯಿತು.

ಫೋಟೊ ವಿಷಯದಲ್ಲಿ ಮಾತ್ರ ನಾನೇ ಎಡವಿದೆ. ಹುರುಪಿನಲ್ಲಿ, ಕಡ್ಡಿ ಬಳಸಿ ಪಾಠ ಮಾಡಿದವರು ಗುಂಪಿಗೆ ಫೋಟೊ ಹಾಕಿ ಎಂದುಬಿಟ್ಟೆ. ವಾರದೊಳಗೆ ಗುಂಪು ಫೋಟೊಗಳಿಂದ ತುಂಬಿತು. ಎಲ್ಲ ಮಕ್ಕಳೂ ಕಡ್ಡಿ ಎತ್ತಿ ಹಿಡಿದು ಕ್ಯಾಮೆರಾ ನೋಡುತ್ತಿದ್ದರು. ಒಂದು ಶಾಲೆಗೆ ಹೋಗಿ ನೋಡಿದರೆ ಆ ಕಡ್ಡಿಗಳು ಫೋಟೊ ದಿನದ ನಂತರ ಡಬ್ಬಿಯಿಂದ ಹೊರಬಂದಿರಲಿಲ್ಲ. ಫೋಟೊ ನಿಲ್ಲಿಸಿ ಎಂದು ಹೇಳಲು ನನಗೆ ತಿಂಗಳು ಹಿಡಿಯಿತು, ಏಕೆಂದರೆ ಮೇಲಿನವರಿಗೆ ಕಳುಹಿಸಲು ಆ ಫೋಟೊಗಳು ನನಗೂ ಬೇಕಾಗಿದ್ದವು.

ಎಲ್ಲ ಕಡೆಯೂ ಹಿಡಿಯಲಿಲ್ಲ. ನಾಲ್ವರಲ್ಲಿ ಒಬ್ಬರಿಗೆ ವರ್ಗಾವಣೆಯಾಯಿತು, ಅವರ ಜಾಗಕ್ಕೆ ಬಂದ ಅತಿಥಿ ಶಿಕ್ಷಕರಿಗೆ ಡಬ್ಬಿ ಯಾಕಿದೆ ಎಂದೇ ಗೊತ್ತಿರಲಿಲ್ಲ. ಒಬ್ಬರೇ ಶಿಕ್ಷಕರಿದ್ದು ಐದು ತರಗತಿ ನಡೆಸುವ ಶಾಲೆಯಲ್ಲಿ ನನ್ನ ಎರಡು ವಾರದ ಯೋಜನೆ ನನಗೇ ನಗು ತರಿಸಿತು. ಹೆಸರುಕಾಳಿನ ಬೆಳೆ ಬಿಡಿಸುವ ಆಗಸ್ಟ್ ತಿಂಗಳಿನಲ್ಲಿ ಅರ್ಧ ಮಕ್ಕಳು ಹೊಲದಲ್ಲಿರುತ್ತಾರೆ. ಆಗ ಆರಂಭಿಸಿದ ಯಾವುದೂ ನಿಲ್ಲುವುದಿಲ್ಲ.

ಇನ್ನೊಬ್ಬರು ಮಾಸ್ತರರು ಒಂದೂವರೆ ವರ್ಷ ಕಡ್ಡಿಯನ್ನು ಮುಟ್ಟಲೇ ಇಲ್ಲ. ಹಟಮಾರಿ ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೆ. ಒಂದು ದಿನ ಅವರ ಐದನೆಯ ತರಗತಿಯಲ್ಲಿ ಕುಳಿತೆ. ಕಿಟ್ಟಿನಲ್ಲಿದ್ದ ಆಟದ ನೋಟುಗಳನ್ನು ಹಿಡಿದು ಅವರು ಸಂತೆ ನಡೆಸುತ್ತಿದ್ದರು. ನೂರರ ನೋಟು ಕೊಟ್ಟು 37 ರೂಪಾಯಿಯ ಮೆಣಸಿನಕಾಯಿ ಕೊಂಡ ಹುಡುಗಿಗೆ ಅಂಗಡಿಯವನಾದ ಹುಡುಗ ಚಿಲ್ಲರೆ ಇಲ್ಲದೆ, ನೂರನ್ನು ಹತ್ತು ಹತ್ತಾಗಿ, ಒಂದು ಹತ್ತನ್ನು ಬಿಡಿಯಾಗಿ ಮುರಿಸಿಕೊಂಡು ಬರಲು ಪಕ್ಕದ ಅಂಗಡಿಗೆ ಓಡಿದ. ನನ್ನ ‘ಬಿಚ್ಚು’ ಅಲ್ಲಿ ‘ಮುರಿಸು’ ಆಗಿತ್ತು. ಮುಂದಿನ ಸಭೆಯಲ್ಲಿ ಪಾಠ ತೋರಿಸಿದವರು ಅವರು, ಟಿಪ್ಪಣಿ ಬರೆದುಕೊಂಡವನು ನಾನು.

ಈಗ ನಾನು ಮತ್ತೆ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಹೋದ ವರ್ಷ ಆ ಮೊದಲ ಶಾಲೆಯ ಮುಂದೆ ಹಾದುಹೋಗುವಾಗ ಒಳಗೆ ಇಣುಕಿದೆ. ಡಬ್ಬಿ ಕಿಟಕಿಯ ಕಟ್ಟೆಯ ಮೇಲಿತ್ತು, ಕಡ್ಡಿಗಳು ಕೈಯ ಮಣ್ಣಿಗೆ ಕಪ್ಪಾಗಿದ್ದವು, ಟ್ಯೂಬಿನ ಬಳೆಗಳು ಹಾಗೆಯೇ ಇದ್ದವು. ಆದರೆ ಗುರುಮಾತೆ ಪಾಠದ ಕ್ರಮವನ್ನೇ ಬದಲಿಸಿದ್ದರು: ಮಕ್ಕಳು ಮೊದಲು ಪಾಟಿಯ ಮೇಲೆ ಗೆರೆ ಎಳೆದು ಲೆಕ್ಕ ಮಾಡುತ್ತಾರೆ, ಸಿಕ್ಕಿಹಾಕಿಕೊಂಡವರು ಮಾತ್ರ ಎದ್ದು ಬಂದು ಡಬ್ಬಿ ಒಯ್ಯುತ್ತಾರೆ. ನಾನು ಹೇಳಿಕೊಟ್ಟದ್ದು ಹೀಗಲ್ಲವಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು.

ಈ ಜೂನಿನಲ್ಲಿ ನಾನೂ ಒಂದು ತರಬೇತಿಗೆ ಹೋಗಿ ಬಂದೆ. ಗಟ್ಟಿಯಾಗಿ ಓದುವ ಪಾಠದ ಕುರಿತದ್ದು, ನಿಜಕ್ಕೂ ಚೆನ್ನಾಗಿತ್ತು. ಹಿಮ್ಮಾಹಿತಿ ನಮೂನೆಯಲ್ಲಿ ‘ತುಂಬಾ ಉಪಯುಕ್ತ’ ಎಂದು ಬರೆದೆ. ಕೊಟ್ಟ ಕತೆ ಪುಸ್ತಕಗಳ ಕಟ್ಟು ನಮ್ಮ ಶಾಲೆಯ ಬೀರುವಿನಲ್ಲಿದೆ, ದಾರ ಬಿಚ್ಚಿಲ್ಲ. ಮೊನ್ನೆ ಅದು ಕಣ್ಣಿಗೆ ಬಿದ್ದ ಸಂಜೆಯೇ ಗುರುಮಾತೆಗೆ ಫೋನು ಮಾಡಿ, ಒಂದು ದಿನ ಬಂದು ನನ್ನ ಪಾಠದಲ್ಲಿ ಕೂರುತ್ತೀರಾ ಎಂದು ಕೇಳಿದೆ.

‘ಬರುತ್ತೇನೆ ಸರ್, ಆದರೆ ಹೆಸರು ಬಿಡಿಸುವ ವಾರ ಮಾತ್ರ ಇಟ್ಟುಕೊಳ್ಳಬೇಡಿ’ ಎಂದರು.